ಸಲಹೆ ಕೊಟ್ಟವರು ಸಲಹೆಯನ್ನೂ ತೋರಿಸಲಿ: ನೀತಿ ಆಯೋಗಕ್ಕೆ ಬಹಿರಂಗ ಪತ್ರ

ನೀತಿ ಆಯೋಗದ ಮಾನ್ಯ ಉಪಾಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

2015ರ ಜನವರಿ 1ರಂದು ಕೇಂದ್ರ ಸಂಪುಟದ ಒಂದು ನಿರ್ಣಯದಿಂದ ಹುಟ್ಟಿದ ಸಂಸ್ಥೆ ನಿಮ್ಮದು. ನೀತಿಗಳ ಬಗ್ಗೆ ಪ್ರಧಾನಿಗೂ ಸರ್ಕಾರಗಳಿಗೂ ಸಲಹೆ ಕೊಡುವುದು ನಿಮಗೆ ವಹಿಸಿದ ಕೆಲಸ. ಅಂದಿನಿಂದ ನೀವು ಹೊರತಂದ ವರದಿ, ಸೂಚ್ಯಂಕ, ಚರ್ಚಾಪತ್ರ, ಡ್ಯಾಶ್‌ಬೋರ್ಡ್‌ಗಳಿಗೆ ಲೆಕ್ಕವಿಲ್ಲ. ನೀರು, ಶಾಲೆ, ಆಸ್ಪತ್ರೆ, ರಫ್ತು, ನಾವೀನ್ಯ, ಎಲ್ಲಕ್ಕೂ ಒಂದೊಂದು ಅಂಕಪಟ್ಟಿ ಇದೆ. ನಾವೀನ್ಯ ಸೂಚ್ಯಂಕದಲ್ಲಿ ಸತತ ಮೂರು ಬಾರಿ ಕರ್ನಾಟಕಕ್ಕೆ ಮೊದಲ ಸ್ಥಾನ ಕೊಟ್ಟಿದ್ದೀರಿ; ನಮ್ಮ ಮಂತ್ರಿಗಳು ಅದನ್ನು ಜಾಹೀರಾತಿನಲ್ಲಿ ಹಾಕಿಸಿಕೊಂಡು ಸಂತೋಷಪಟ್ಟಿದ್ದಾರೆ. ಇಷ್ಟೆಲ್ಲದರ ನಡುವೆ ಒಂದು ಮಾತ್ರ ಕಣ್ಣಿಗೆ ಬೀಳುವುದಿಲ್ಲ: ನೀವು ಪ್ರಧಾನಿಗೂ ಅವರ ಸಂಪುಟಕ್ಕೂ ನಿಜವಾಗಿ ಕೊಟ್ಟ ಸಲಹೆ. ಯಾವ ವಿಷಯದಲ್ಲಿ ಏನು ಬರೆದಿರಿ, ಅದರಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಪಕ್ಕಕ್ಕಿಟ್ಟರು, ನಿಮ್ಮಲ್ಲೇ ಯಾರಾದರೂ ಬೇಡವೆಂದಿದ್ದರೇ? ಅದನ್ನು ಕೇಳುವುದಕ್ಕೆ ಈ ಪತ್ರ.

ನಿಮ್ಮ ಸ್ಥಾನದ ವಿಚಿತ್ರವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಸಲಹೆ ಕೊಡಬೇಕಾದದ್ದು ಪ್ರಧಾನಿಗೆ. ನಿಮ್ಮ ಅಧ್ಯಕ್ಷರೂ ಪ್ರಧಾನಿಯೇ. ಹಳೆಯ ಯೋಜನಾ ಆಯೋಗವೂ ಹೀಗೆಯೇ ಇತ್ತಲ್ಲ ಎಂದು ನೀವು ಹೇಳಬಹುದು. ಸರಿ. 1950ರ ಮಾರ್ಚ್‌ನಲ್ಲಿ ಅದು ಹುಟ್ಟಿದ್ದೂ ಸಂಪುಟದ ನಿರ್ಣಯದಿಂದಲೇ. ಸಂವಿಧಾನದಲ್ಲಿ ಅದಕ್ಕೂ ಜಾಗವಿರಲಿಲ್ಲ. ಇದು ಇನ್ನೊಂದು ಸಂಪುಟವಾಗಿ ಬೆಳೆಯುತ್ತದೆ ಎಂದು ತಕರಾರು ತೆಗೆದ ಹಣಕಾಸು ಸಚಿವ ಜಾನ್ ಮಥಾಯಿ ಅದೇ ವರ್ಷ ರಾಜೀನಾಮೆ ಕೊಟ್ಟು ಹೊರನಡೆದರು. ಆದರೆ ಆ ಆಯೋಗದ ಕೈಯಲ್ಲಿ ದುಡ್ಡಿತ್ತು. ರಾಜ್ಯಗಳಿಗೆ ಯೋಜನಾ ನೆರವು ಹಂಚಲು 1969ರಿಂದ ಗಾಡ್ಗೀಳ್ ಸೂತ್ರ ಬಂತು. ಜನಸಂಖ್ಯೆಗೆ ಎಷ್ಟು ತೂಕ, ತಲಾ ಆದಾಯಕ್ಕೆ ಎಷ್ಟು ತೂಕ ಎಂಬುದು ಎಲ್ಲರಿಗೂ ಗೊತ್ತಿತ್ತು. ರಾಜ್ಯದವರು ಆ ಸೂತ್ರವನ್ನೇ ಹಿಡಿದು ದೆಹಲಿಯಲ್ಲಿ ಜಗಳವಾಡುತ್ತಿದ್ದರು. ನಿಮ್ಮ ಬಳಿ ಹಂಚುವ ದುಡ್ಡಿಲ್ಲ, ಸೂತ್ರವೂ ಇಲ್ಲ. ರಾಜ್ಯಗಳು ಕೈಚಾಚಿ ನಿಮ್ಮ ಬಾಗಿಲಿಗೆ ಬರಬೇಕಾಗಿಲ್ಲ ಎಂಬುದು ಒಳ್ಳೆಯದೇ. ಆದರೆ ಇದರಿಂದ ನಿಮಗೆ ಉಳಿದ ಬಂಡವಾಳ ಮಾತು ಒಂದೇ. ಅದೂ ಕಡತದೊಳಗೆ ಕೂತರೆ ನಿಮ್ಮ ಕೆಲಸವನ್ನು ಅಳೆಯುವುದು ಹೇಗೆ?

ಭದ್ರಾವತಿಯ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿಯ ಕಬ್ಬಿಣದ ಕಾರ್ಖಾನೆ ಮೈಸೂರು ಸಂಸ್ಥಾನದ ಕನಸು, ಸರ್ ಎಂ. ವಿಶ್ವೇಶ್ವರಯ್ಯನವರ ಹಟ. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಇದೇ ವಿಶ್ವೇಶ್ವರಯ್ಯನವರು 1934ರಲ್ಲಿ, ಯೋಜನಾ ಆಯೋಗ ಹುಟ್ಟುವುದಕ್ಕೆ ಹದಿನಾರು ವರ್ಷ ಮೊದಲೇ, ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದವರು. ನೀವು ಕುಳಿತಿರುವ ಮನೆಯ ಹಿರಿಯರ ಪೈಕಿ ಅವರೂ ಒಬ್ಬರು. ಸರ್ಕಾರಿ ಕಂಪನಿಗಳಲ್ಲಿ ಯಾವುದನ್ನು ಖಾಸಗಿಯವರಿಗೆ ಮಾರಬಹುದು ಎಂದು ಗುರುತಿಸುವ ಕೆಲಸವನ್ನು 2016ರಲ್ಲಿ ನಿಮಗೆ ಒಪ್ಪಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟ ಪಟ್ಟಿಯಲ್ಲಿ, ಸೇಲಂ ಮತ್ತು ದುರ್ಗಾಪುರದ ಘಟಕಗಳ ಜೊತೆಗೆ, ಭಾರತೀಯ ಉಕ್ಕು ಪ್ರಾಧಿಕಾರದ ಈ ಭದ್ರಾವತಿ ಘಟಕವೂ ಇತ್ತು. 2019ರಲ್ಲಿ ಆಸಕ್ತರನ್ನು ಕರೆದರು. 2022ರಲ್ಲಿ ಆ ಪ್ರಕ್ರಿಯೆಯನ್ನೇ ಕೈಬಿಟ್ಟರು. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬಿದ ವರ್ಷವೇ, ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಆಮೇಲೆ ಅಲ್ಪಸ್ವಲ್ಪ ಉತ್ಪಾದನೆ ಮತ್ತೆ ಶುರುವಾಯಿತು, ಪುನಶ್ಚೇತನದ ಭರವಸೆಗಳು ಕೇಳಿಬಂದವು.

ಈ ಏಳು ವರ್ಷಗಳಲ್ಲಿ ಭದ್ರಾವತಿಯವರು ಎಲ್ಲರನ್ನೂ ಬೈದಿದ್ದಾರೆ: ಸಂಸದರನ್ನು, ಉಕ್ಕು ಸಚಿವರನ್ನು, ರಾಜ್ಯ ಸರ್ಕಾರವನ್ನು. ನಿಮ್ಮನ್ನು ಬೈಯಲು ಅವರಿಗೆ ಅವಕಾಶವೇ ಸಿಗಲಿಲ್ಲ, ಹೊಗಳಲೂ ಸಿಗಲಿಲ್ಲ. ಏಕೆಂದರೆ ನೀವು ಏನು ಹೇಳಿದಿರಿ ಎಂಬುದೇ ಅವರ ಕೈಗೆ ಬರಲಿಲ್ಲ. ಕಾರ್ಖಾನೆ ನಷ್ಟದಲ್ಲಿದೆ, ಮಾರಿಬಿಡಿ ಎಂದಷ್ಟೇ ಬರೆದಿರಾ? ಸ್ವಂತ ಅದಿರು ಗಣಿ ಇಲ್ಲದೆ ಹೊರಗಿನಿಂದ ಅದಿರು ಕೊಂಡು ತಂದು ಮಿಶ್ರ ಉಕ್ಕು ಮಾಡುವ ಘಟಕ ನಷ್ಟಕ್ಕೆ ಬೀಳುವುದು ಅಚ್ಚರಿಯೇ, ಮೊದಲು ಗಣಿ ಕೊಟ್ಟು ನೋಡೋಣ ಎಂದು ಯಾರಾದರೂ ಟಿಪ್ಪಣಿ ಹಾಕಿದ್ದರೇ? ಕೊಳ್ಳುವವರು ಬಾರದೇ ಹೋದರೆ ಮುಂದೇನು ಎಂದು ಯೋಚಿಸಲಾಗಿತ್ತೇ? ಇವು ತಾಂತ್ರಿಕ ಪ್ರಶ್ನೆಗಳಂತೆ ಕಾಣಬಹುದು. ಒಂದು ಊರಿನ ಅರ್ಧ ಜೀವನ ಇದರ ಮೇಲೆ ನಿಂತಿದೆ. ನಿಮ್ಮ ವಾದ ಗಟ್ಟಿಯಾಗಿಯೇ ಇದ್ದಿರಬಹುದು. ಗಟ್ಟಿಯಾಗಿದ್ದರೆ ತೋರಿಸಲು ಹಿಂಜರಿಕೆ ಏಕೆ?

ನೀವು ಯಾವಾಗಲೂ ಹೌದಪ್ಪಗಳೇ ಎಂದು ನಾನು ಹೇಳುತ್ತಿಲ್ಲ. ಮಂಗಳೂರು ವಿಮಾನ ನಿಲ್ದಾಣದ ಕಥೆ ಇದಕ್ಕೆ ಸಾಕ್ಷಿ. 2018ರ ಕೊನೆಯಲ್ಲಿ ಆರು ವಿಮಾನ ನಿಲ್ದಾಣಗಳನ್ನು ಖಾಸಗಿಯವರಿಗೆ ಕೊಡುವ ಪ್ರಸ್ತಾವ ಪರಿಶೀಲನೆಗೆ ಬಂದಾಗ, ಸಾಕಷ್ಟು ತಾಂತ್ರಿಕ ಸಾಮರ್ಥ್ಯವಿಲ್ಲದ ಬಿಡ್‌ದಾರರಿಂದ ಯೋಜನೆಗೂ ಸೇವೆಯ ಗುಣಮಟ್ಟಕ್ಕೂ ಧಕ್ಕೆಯಾಗಬಹುದು ಎಂದು ನಿಮ್ಮ ಆಯೋಗ ಎಚ್ಚರಿಸಿತ್ತು. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ನಿಲ್ದಾಣ ಬೇಡ ಎಂದು ಆರ್ಥಿಕ ವ್ಯವಹಾರಗಳ ಇಲಾಖೆಯೂ ಹೇಳಿತ್ತು. ಎರಡನ್ನೂ ಪಕ್ಕಕ್ಕಿಡಲಾಯಿತು, ಮೊದಲೇ ವಿಮಾನ ನಿಲ್ದಾಣ ನಡೆಸಿದ ಅನುಭವ ಕಡ್ಡಾಯವಲ್ಲ ಎಂದು ಕಾರ್ಯದರ್ಶಿಗಳ ಗುಂಪು ತೀರ್ಮಾನಿಸಿತ್ತು. 2019ರ ಫೆಬ್ರುವರಿಯಲ್ಲಿ ಮಂಗಳೂರು ಸೇರಿ ಆರರ ಬಿಡ್‌ಗಳೂ ಅದಾನಿ ಸಮೂಹಕ್ಕೆ ಒಲಿದವು. ತೀರ್ಮಾನ ಸರಿಯೋ ತಪ್ಪೋ, ಆ ಚರ್ಚೆ ಬೇರೆ. ನನಗೆ ಮುಖ್ಯವಾದದ್ದು ಇಷ್ಟು: ನಿಮ್ಮ ಎಚ್ಚರಿಕೆಯ ಮಾತು ಜನರ ಕಿವಿಗೆ ಬಿದ್ದದ್ದು ಸುಮಾರು ಎರಡು ವರ್ಷ ಕಳೆದ ಮೇಲೆ, ಅದೂ ಪತ್ರಿಕೆಯೊಂದು ಸಭೆಯ ನಡಾವಳಿಯನ್ನು ಹೊರತಂದಾಗ. ಅಷ್ಟು ಹೊತ್ತಿಗೆ ಮಂಗಳೂರು ನಿಲ್ದಾಣದ ಹಸ್ತಾಂತರವೂ ಮುಗಿದಿತ್ತು. ಕರಾವಳಿಯ ಜನ ಆ ಮಾತನ್ನು ಬಿಡ್ ತೆರೆದ ದಿನವೇ ಓದಬೇಕಿತ್ತು. ಓದಿದ್ದರೆ ನಿಮ್ಮ ಮೇಲೆ ಒಂದಿಷ್ಟು ಗೌರವವೂ ಹುಟ್ಟುತ್ತಿತ್ತು. ಗುಟ್ಟಿನಿಂದ ನಿಮಗೇ ನಷ್ಟವಾದದ್ದು ಇಲ್ಲಿ.

ಬಹಿರಂಗವಾದ ಸಲಹೆಗೆ ಎಂಥ ಬಲವಿರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಸಾಕ್ಷಿ ಇದೆ. ಪ್ರಾದೇಶಿಕ ಅಸಮಾನತೆ ಅಧ್ಯಯನ ಮಾಡಲು ರಾಜ್ಯ ಸರ್ಕಾರ 2000ದಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. 2002ರಲ್ಲಿ ಬಂದ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಹಿಡಿದು ಹೇಳಿತು. ಹೈದರಾಬಾದ್ ಕರ್ನಾಟಕ ಎಂದು ಕರೆಯುತ್ತಿದ್ದ ಭಾಗದಲ್ಲೇ ಆ 39ರ ಪೈಕಿ 21 ಇದ್ದವು. ಇಂದು ಕಲ್ಯಾಣ ಕರ್ನಾಟಕದ ಯಾವ ಸಭೆಗೆ ಹೋದರೂ ಭಾಷಣದ ನಡುವೆ 'ನಂಜುಂಡಪ್ಪ ವರದಿ' ಎಂಬ ಮಾತು ಬಂದೇ ಬರುತ್ತದೆ. ಅರ್ಥಶಾಸ್ತ್ರ ಓದದವರ ಬಾಯಲ್ಲೂ ತಮ್ಮ ತಾಲ್ಲೂಕು ಯಾವ ವರ್ಗದಲ್ಲಿದೆ ಎಂಬುದು ಇರುತ್ತದೆ. ಸರ್ಕಾರಗಳು ವರದಿಯನ್ನು ಪೂರ್ತಿ ಜಾರಿಗೆ ತರಲಿಲ್ಲ, ಅದು ಬೇರೆ ದುಃಖ. ಆದರೆ ಮುಚ್ಚಿಡಲಾಗಲಿಲ್ಲ. ರಾಯಚೂರಿಗೆ ಐಐಟಿ ಬೇಕೆಂದು ಆ ವರದಿ ಹೇಳಿತ್ತು. ಐಐಟಿ ಧಾರವಾಡಕ್ಕೆ ಹೋಯಿತು. ರಾಯಚೂರಿನವರು ಇವತ್ತಿಗೂ ಆ ಶಿಫಾರಸನ್ನು ಮುಂದಿಟ್ಟುಕೊಂಡು ಕೇಳುತ್ತಾರೆ, ಉತ್ತರ ಕೊಡಬೇಕಾದವರು ತಡಬಡಾಯಿಸುತ್ತಾರೆ.

ಅದೇ ರಾಯಚೂರು ನಿಮ್ಮ ಪಟ್ಟಿಯಲ್ಲೂ ಇದೆ. 2018ರ ಜನವರಿಯಲ್ಲಿ ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮದ 112 ಜಿಲ್ಲೆಗಳಲ್ಲಿ ಕರ್ನಾಟಕದವು ಎರಡು: ರಾಯಚೂರು ಮತ್ತು ಯಾದಗಿರಿ. 49 ಸೂಚಕಗಳನ್ನು ಇಟ್ಟುಕೊಂಡು ತಿಂಗಳು ತಿಂಗಳು ಅವುಗಳ ಪ್ರಗತಿಗೆ ಶ್ರೇಯಾಂಕ ಕೊಡುತ್ತೀರಿ. ಗರ್ಭಿಣಿಯರ ನೋಂದಣಿ, ಆಸ್ಪತ್ರೆ ಹೆರಿಗೆ, ಕಡಿಮೆ ತೂಕದ ಮಕ್ಕಳು, ಇದಕ್ಕೆಲ್ಲ ಅಂಕವಿದೆ. ಜಿಲ್ಲಾಧಿಕಾರಿಗಳು ಆ ಅಂಕಗಳ ಹಿಂದೆ ಓಡುತ್ತಾರೆ. ಓಡಿದ್ದರಿಂದ ಅಂಗನವಾಡಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದಿಷ್ಟು ಒಳಿತಾಗಿರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಅಂಕ ಬೀಳುವುದು ಜಿಲ್ಲೆಗೆ ಮಾತ್ರ. ಆ ಜಿಲ್ಲೆಗೆ ದೆಹಲಿ ಏನು ಮಾಡಬೇಕು ಎಂದು ನೀವು ದೆಹಲಿಗೆ ಹೇಳಿದ್ದೇನು? ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಶುರುವಾಯಿತು. ಅದು ಸಾವಿರ ದಿನಗಳನ್ನೂ ದಾಟಿತು. ರಾಜ್ಯ ಸರ್ಕಾರವೂ ಕೇಂದ್ರಕ್ಕೆ ಪತ್ರ ಬರೆಯಿತು. ಜಿಲ್ಲೆಯ ಆರೋಗ್ಯ ಎಷ್ಟು ಹಿಂದಿದೆ ಎಂದು ತಿಂಗಳಿಗೊಮ್ಮೆ ಅಳೆಯುವ ಸಂಸ್ಥೆ ಈ ಬೇಡಿಕೆಯ ಬಗ್ಗೆ ಪ್ರಧಾನಿಗೆ ಏನಾದರೂ ಹೇಳಿದೆಯೇ? ಏಮ್ಸ್ ಬೇಡ, ಇರುವ ವೈದ್ಯಕೀಯ ಕಾಲೇಜನ್ನೇ ಬಲಪಡಿಸಿ ಎಂದಿದ್ದರೂ ಅದು ಒಂದು ಉತ್ತರ. ಆ ಉತ್ತರದೊಂದಿಗೆ ವಾದ ಮಾಡಬಹುದು. ಮೌನದೊಂದಿಗೆ ಏನು ವಾದ ಮಾಡುವುದು?

ಬಹಿರಂಗವಾದರೆ ತಪ್ಪೂ ತಿದ್ದಿಕೊಳ್ಳುತ್ತದೆ. 2018ರ ಜೂನ್‌ನಲ್ಲಿ ನೀವು ಹೊರತಂದ ನೀರು ನಿರ್ವಹಣಾ ಸೂಚ್ಯಂಕದ ವರದಿಯಲ್ಲಿ ಒಂದು ವಾಕ್ಯವಿತ್ತು: 2020ರ ಹೊತ್ತಿಗೆ ಬೆಂಗಳೂರು ಸೇರಿ 21 ನಗರಗಳಲ್ಲಿ ಅಂತರ್ಜಲ ಬರಿದಾಗುತ್ತದೆ. ಪ್ರಪಂಚದ ಪತ್ರಿಕೆಗಳೆಲ್ಲ ಅದನ್ನು ಎತ್ತಿಕೊಂಡವು. ಆಮೇಲೆ ಈ ವಾಕ್ಯಕ್ಕೆ ಆಧಾರವೇನು ಎಂದು ಬೆನ್ನು ಹತ್ತಿ ಕೇಳಿದವರಿಗೆ ಗಟ್ಟಿ ಆಧಾರ ಸಿಗಲಿಲ್ಲ. 2020 ಬಂತು, ಹೋಯಿತು. ಕೊಳವೆಬಾವಿಗಳು ಬತ್ತಿ ಬೆಂಗಳೂರು ನಿಜವಾಗಿ ಕಂಗಾಲಾದದ್ದು 2024ರ ಬೇಸಿಗೆಯಲ್ಲಿ. ಆ ವರದಿ ಎಲ್ಲರ ಮುಂದಿದ್ದುದರಿಂದ ತಾನೇ ಅದರ ಬುಡ ಅಲುಗಾಡಿಸಿ ನೋಡಲು ಸಾಧ್ಯವಾದದ್ದು? ಕಡತದೊಳಗಿನ ಸಲಹೆಯಲ್ಲಿ ಇಂಥ ಎಷ್ಟು ವಾಕ್ಯಗಳಿವೆಯೋ, ಅವುಗಳ ಮೇಲೆ ಯಾವ ತೀರ್ಮಾನಗಳು ನಿಂತಿವೆಯೋ. ನಿಮ್ಮ ಹಿಂದಿನವರಿಗೂ ಇಂಥ ಅನುಭವವಾಗಿತ್ತು. 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟ್‌ಗೆ ಪ್ರಮಾಣಪತ್ರ ಸಲ್ಲಿಸಿ ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡುವವನು ಬಡವನಲ್ಲ ಎಂಬರ್ಥದ ಲೆಕ್ಕ ಕೊಟ್ಟಿತು. ದೇಶವೆಲ್ಲ ಛೀಮಾರಿ ಹಾಕಿತು. ಅದರ ಫಲವಾಗಿ ಬಡತನದ ರೇಖೆಯನ್ನು ಹೊಸದಾಗಿ ನೋಡಲು ರಂಗರಾಜನ್ ನೇತೃತ್ವದ ತಜ್ಞರ ತಂಡ ಬಂತು. ಬೈಸಿಕೊಳ್ಳುವುದರಿಂದಲೂ ಕೆಲವೊಮ್ಮೆ ಕೆಲಸವಾಗುತ್ತದೆ.

ಇನ್ನು ನೀವು ಹೇಳಬಹುದಾದ ಮಾತು: ಸಲಹೆ ಗೋಪ್ಯವಾಗಿದ್ದರೆ ಮಾತ್ರ ಅಧಿಕಾರಿಗಳು, ತಜ್ಞರು ಮನಬಿಚ್ಚಿ ಹೇಳುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ತೀರ್ಮಾನಕ್ಕೆ ಮೊದಲೇ ಪ್ರತಿ ಟಿಪ್ಪಣಿಯೂ ಟಿವಿಯಲ್ಲಿ ಬಂದರೆ ಎಲ್ಲರೂ ಗಾಳಿ ನೋಡಿ ತೂರುವವರೇ ಆಗುತ್ತಾರೆ. ನಾನು ಕೇಳುತ್ತಿರುವುದು ತೀರ್ಮಾನವಾದ ಮೇಲಿನ ಮಾತು. ಮಾಹಿತಿ ಹಕ್ಕು ಕಾಯ್ದೆಯೂ ಅದನ್ನೇ ಹೇಳುತ್ತದೆ. ಸಂಪುಟದ ಕಾಗದಪತ್ರಗಳಿಗೆ ಸೆಕ್ಷನ್ 8(1)(ಐ) ರಕ್ಷಣೆ ಕೊಡುತ್ತದೆ, ನಿಜ. ಅದರ ಬೆನ್ನಿಗೇ, ತೀರ್ಮಾನವಾಗಿ ವಿಷಯ ಮುಗಿದ ಮೇಲೆ ತೀರ್ಮಾನವನ್ನೂ, ಅದರ ಕಾರಣಗಳನ್ನೂ, ಅದಕ್ಕೆ ಆಧಾರವಾದ ಸಾಮಗ್ರಿಯನ್ನೂ ಸಾರ್ವಜನಿಕಗೊಳಿಸಬೇಕು ಎಂದೂ ಅದೇ ಸೆಕ್ಷನ್ ವಿಧಿಸುತ್ತದೆ. ಸೆಕ್ಷನ್ 4 ಇನ್ನೂ ಮುಂದೆ ಹೋಗಿ, ಜನರಿಗೆ ತಟ್ಟುವ ಮುಖ್ಯ ನೀತಿ ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ಯಾರೂ ಕೇಳದೆಯೇ ಪ್ರಕಟಿಸಿ ಎನ್ನುತ್ತದೆ. ಮೊದಲರ್ಧವನ್ನು ಮಾತ್ರ ಓದುವ ಅಭ್ಯಾಸ ನಮ್ಮ ಕಚೇರಿಗಳಿಗೆ ಹಳೆಯದು.

ಗುಟ್ಟಿಲ್ಲದೆಯೂ ಸಲಹೆಗಾರರು ನೇರವಾಗಿ ಮಾತನಾಡುತ್ತಾರೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ 2016ರಿಂದ ಕೆಲಸ ಮಾಡುತ್ತಿದೆ. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಎಷ್ಟಿರಬೇಕು ಎಂಬಷ್ಟು ಸೂಕ್ಷ್ಮದ ವಿಷಯ ಅದರದು. ಸಭೆ ಮುಗಿದ 14ನೇ ದಿನ ನಡಾವಳಿ ಹೊರಬರುತ್ತದೆ: ಯಾರು ಯಾವ ಕಡೆ ಮತ ಹಾಕಿದರು, ಏಕೆ ಹಾಕಿದರು, ಹೆಸರಿನ ಸಮೇತ. ಬಹುಮತಕ್ಕೆ ಒಪ್ಪದ ಸದಸ್ಯರು ಪ್ರತಿ ಸಲ ತಮ್ಮ ಭಿನ್ನಮತ ಬರೆದಿದ್ದಾರೆ. ಯಾವ ಮಾರುಕಟ್ಟೆಯೂ ಕುಸಿದು ಬಿದ್ದಿಲ್ಲ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಪಾಲು ಎಂದು ಹೇಳುವ ಹಣಕಾಸು ಆಯೋಗವನ್ನೇ ನೋಡಿ. ಅದರ ಪ್ರತಿಯೊಂದು ಶಿಫಾರಸನ್ನೂ, ಅದರ ಮೇಲೆ ಸರ್ಕಾರ ಏನು ಮಾಡಿತು ಎಂಬ ವಿವರಣೆಯ ಜೊತೆಗೆ, ಸಂಸತ್ತಿನ ಎರಡೂ ಸದನಗಳ ಮುಂದಿಡಬೇಕೆಂದು ಸಂವಿಧಾನದ 281ನೇ ವಿಧಿ ಹೇಳುತ್ತದೆ. ಹಾಗಿರುವುದರಿಂದಲೇ, 14ನೇ ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದದ್ದು ನಮಗೆ ಮೂರು ದಶಮಾಂಶಗಳವರೆಗೆ ಗೊತ್ತು. 2024ರ ಫೆಬ್ರುವರಿಯಲ್ಲಿ ರಾಜ್ಯದ ಸಚಿವ ಸಂಪುಟವೇ ಜಂತರ್ ಮಂತರ್‌ನಲ್ಲಿ ಕೂತು ಪ್ರಶ್ನಿಸಲು ಆಗಿದ್ದೂ ಅದರಿಂದಲೇ. ನಿಮ್ಮ ಮೊದಲ ಉಪಾಧ್ಯಕ್ಷ ಅರವಿಂದ ಪನಗಾರಿಯಾ ಅವರೇ ಮುಂದೆ 16ನೇ ಹಣಕಾಸು ಆಯೋಗದ ಅಧ್ಯಕ್ಷರಾದರು. ಅದೇ ಅರ್ಥಶಾಸ್ತ್ರಜ್ಞರು ಒಂದು ಕುರ್ಚಿಯಲ್ಲಿದ್ದಾಗ ಕೊಟ್ಟ ಸಲಹೆ ಸಂಸತ್ತಿಗೆ ಬರಲೇಬೇಕು, ಇನ್ನೊಂದರಲ್ಲಿದ್ದಾಗ ಕೊಟ್ಟದ್ದು ಯಾರಿಗೂ ಕಾಣಬೇಕಿಲ್ಲ! ಕುರ್ಚಿ ಬದಲಾದರೆ ಮನಬಿಚ್ಚಿ ಮಾತನಾಡುವ ಶಕ್ತಿ ಕುಂದುತ್ತದೆಯೇ?

ಹಳೆಯ ಯೋಜನಾ ಆಯೋಗದ ಕಾಲದಲ್ಲೇ, ಎರಡನೇ ಪಂಚವಾರ್ಷಿಕ ಯೋಜನೆಯ ಕರಡನ್ನು ನೋಡಲು ಅರ್ಥಶಾಸ್ತ್ರಜ್ಞರ ಮಂಡಳಿಯೊಂದಿತ್ತು. 1955ರಲ್ಲಿ ಎಲ್ಲರೂ ಒಪ್ಪಿ ತಲೆಯಾಡಿಸಿದಾಗ, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯವರಾದ ಬಿ.ಆರ್. ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ಆದಾಯ ಮೀರಿ ಖರ್ಚು ಮಾಡುವ ಇಷ್ಟೊಂದು ಕೊರತೆಯ ಹಣಕಾಸು ಬೇಡ, ನಿಯಂತ್ರಣಗಳ ಮೇಲೆ ನಿಯಂತ್ರಣ ಹೇರಬೇಡಿ ಎಂದರು. ಎರಡೇ ವರ್ಷಗಳಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಎದುರಾಯಿತು. ಶೆಣೈ ಹೇಳಿದ್ದೆಲ್ಲ ಸರಿ ಎಂದು ಇಂದಿಗೂ ಎಲ್ಲರೂ ಒಪ್ಪುವುದಿಲ್ಲ, ನಾನೂ ಪೂರ್ತಿ ಒಪ್ಪುವುದಿಲ್ಲ. ಆದರೆ ಅವರ ಟಿಪ್ಪಣಿ ಅಚ್ಚಾಗಿ ಎಲ್ಲರ ಕೈಗೆ ಸಿಕ್ಕಿತ್ತು. ಎಪ್ಪತ್ತು ವರ್ಷಗಳ ಮೇಲೂ ಓದಿ ವಾದ ಮಾಡುತ್ತಿದ್ದೇವೆ. 'ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ' ಎನ್ನುವುದೇ ದರ್ಬಾರಿನ ರೀತಿಯಾದಾಗ ಹೌದಪ್ಪನ ಚಾವಡಿಯಲ್ಲಿ ನಿಂತು ಅಲ್ಲ ಎಂದವರು ಅವರು. ನಿಮ್ಮಲ್ಲೂ ಅಂಥವರು ಇರಬಹುದು. ಇದ್ದರೆ ಅವರ ಹೆಸರು ಕಡತದಲ್ಲೇ ಹೂತುಹೋಗುತ್ತಿದೆ.

ಮತ್ತೊಂದು ಸಂಗತಿಯನ್ನು ನಿಮಗೆ ನೆನಪಿಸುವುದು ತುಸು ಚುಚ್ಚುಮಾತಾದೀತು, ಆದರೂ ಹೇಳುತ್ತೇನೆ. ಯುಪಿಎ ಕಾಲದ ರಾಷ್ಟ್ರೀಯ ಸಲಹಾ ಮಂಡಳಿಯನ್ನು ಸಂವಿಧಾನಬಾಹಿರ ಅಧಿಕಾರ ಕೇಂದ್ರ ಎಂದು ಈಗಿನ ಆಡಳಿತ ಪಕ್ಷ ವರ್ಷಗಟ್ಟಲೆ ಜರೆಯಿತು. 2017ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆ ಮಂಡಳಿಯ 700ಕ್ಕೂ ಹೆಚ್ಚು ಕಡತಗಳನ್ನು ಸಾರ್ವಜನಿಕರ ಮುಂದೆ ಇಟ್ಟಿತು. ಒಳ್ಳೆಯ ಕೆಲಸ. ಪ್ರಧಾನಿಗೆ ಸಲಹೆ ಕೊಡುವ ಮಂಡಳಿಯ ಕಡತವನ್ನು ಜನ ನೋಡಬಹುದು ಎಂದು ಸರ್ಕಾರವೇ ಅಂದು ಒಪ್ಪಿದಂತಾಯಿತು. ಆ ಒಪ್ಪಿಗೆ ಹಿಂದಿನವರಿಗೆ ಮಾತ್ರ ಅನ್ವಯಿಸುತ್ತದೆ ಎಂದು ಎಲ್ಲಿಯೂ ಬರೆದಿಲ್ಲ.

ರಾಜ್ಯಗಳ ಮುಖ್ಯಮಂತ್ರಿಗಳೂ ಸದಸ್ಯರಾಗಿರುವ ನಿಮ್ಮ ಆಡಳಿತ ಮಂಡಳಿಯ ಸಭೆಗಳ ಬಗ್ಗೆಯೂ ಒಂದು ಮಾತು. 2024ರ ಜುಲೈ 27ರ ಸಭೆಯಲ್ಲಿ ತಮ್ಮ ಮೈಕ್ ನಿಲ್ಲಿಸಿದರೆಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಹೊರನಡೆದರು. ಹಾಗೇನೂ ಆಗಿಲ್ಲ, ಸಮಯ ಮುಗಿದಿತ್ತು ಎಂದು ಕೇಂದ್ರ ಹೇಳಿತು. ಕರ್ನಾಟಕ ಸೇರಿದಂತೆ ಹಲವು ರಾಜ್ಯಗಳ ಮುಖ್ಯಮಂತ್ರಿಗಳು ಹೋಗಲೇ ಇಲ್ಲ. ಸಭೆ ಬಹಿಷ್ಕರಿಸುವುದು ನನಗೆ ಮೆಚ್ಚುಗೆಯಾಗಲಿಲ್ಲ. ಹೋಗಿ ಹೇಳಬೇಕಾದುದನ್ನು ಹೇಳಬೇಕಿತ್ತು. ಆದರೆ ಹೇಳಿದ್ದು ದಾಖಲಾಗಿ ಎಲ್ಲರಿಗೂ ಸಿಗುತ್ತದೆ ಎಂಬ ಖಾತ್ರಿ ಇದ್ದಿದ್ದರೆ ಬಹಿಷ್ಕಾರದ ನೆಪವೂ ಇರುತ್ತಿರಲಿಲ್ಲ, ಮೈಕ್‌ನ ಜಗಳವೂ ಇರುತ್ತಿರಲಿಲ್ಲ. 1952ರಲ್ಲಿ ಹುಟ್ಟಿದ ರಾಷ್ಟ್ರೀಯ ಅಭಿವೃದ್ಧಿ ಮಂಡಳಿಯ ಸಭೆಗಳಲ್ಲಿ ಮುಖ್ಯಮಂತ್ರಿಗಳು ಆಡಿದ ಮಾತುಗಳ ಸಾರ ಸಂಪುಟಗಳಾಗಿ ಅಚ್ಚಾಗಿದೆ. ಗ್ರಂಥಾಲಯದಲ್ಲಿ ದೂಳು ಹಿಡಿದಿರಬಹುದು, ಆದರೆ ಇದೆ.

ನನ್ನ ಕೋರಿಕೆಗೆ ಹೊಸ ಕಾನೂನು ಬೇಕಿಲ್ಲ, ನಿಮ್ಮದೇ ಒಂದು ಆದೇಶ ಸಾಕು. ಸರ್ಕಾರ ಒಂದು ವಿಷಯದಲ್ಲಿ ತೀರ್ಮಾನ ಪ್ರಕಟಿಸಿದ ಮೇಲೆ, ಆ ವಿಷಯದಲ್ಲಿ ನೀವು ಕೊಟ್ಟ ಲಿಖಿತ ಸಲಹೆಯನ್ನು ಭಿನ್ನಮತದ ಸಮೇತ ಆರು ತಿಂಗಳೊಳಗೆ ಹೊರಗಿಡಿ. ರಕ್ಷಣೆಗೆ ಸಂಬಂಧಿಸಿದ್ದು, ಕಂಪನಿಗಳ ವ್ಯಾಪಾರದ ಗುಟ್ಟು, ಇವನ್ನು ಮಸಿ ಬಳಿದು ತೆಗೆಯಿರಿ. ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಆಡಳಿತ ಮಂಡಳಿಯಲ್ಲಿ ಪ್ರತಿ ಮುಖ್ಯಮಂತ್ರಿ ಆಡಿದ ಮಾತಿನ ಪೂರ್ಣ ಪಾಠವನ್ನು ಅವರ ಭಾಷೆಯಲ್ಲೇ ಪ್ರಕಟಿಸಿ. ಒಂದು ಜಿಲ್ಲೆಯ ಬಗ್ಗೆ ಬರೆದದ್ದನ್ನು ಆ ಜಿಲ್ಲೆಯವರು ಓದುವ ಭಾಷೆಯಲ್ಲಿ ಕೊಡಿ. ರಾಯಚೂರಿನ ಅಂಕಪಟ್ಟಿಯನ್ನು ರಾಯಚೂರಿನ ಅಂಗನವಾಡಿ ಕಾರ್ಯಕರ್ತೆ ಕನ್ನಡದಲ್ಲಿ ಓದಲು ಆಗಬೇಕು.

ಶುರು ಮಾಡುವುದಕ್ಕೆ ಭದ್ರಾವತಿಯ ಕಡತ ಅನುಕೂಲಕರವಾಗಿದೆ. ಶಿಫಾರಸು 2016ರದ್ದು. ಮಾರುವ ಪ್ರಕ್ರಿಯೆ 2022ರಲ್ಲೇ ನಿಂತಿದೆ. ಕಾಯ್ದೆ ಕೇಳುವ ಎರಡೂ ಷರತ್ತು, ತೀರ್ಮಾನವಾಗಿರಬೇಕು ಮತ್ತು ವಿಷಯ ಮುಗಿದಿರಬೇಕು ಎಂಬುವು, ಅಲ್ಲಿ ಪೂರ್ತಿಯಾಗಿವೆ. ಆ ಪುಟಗಳನ್ನು ಪ್ರಕಟಿಸಲು ನಿಮಗಿರುವ ಅಡ್ಡಿ ಏನೆಂದು ತಿಳಿಸಿ. ಅಡ್ಡಿ ಇಲ್ಲವಾದರೆ ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ತೆರಿಗೆದಾರ